ಇಸ್ಮಾಯಿಲ್‌ಸಾಬರ ಅರ್ಧ ಗುಳಿಗೆ

ಕೋವಿಡ್ ತಣ್ಣಗಾದ ಮರುವರ್ಷ ನಾನು ವಿಜಯಪುರದ ಆಸ್ಪತ್ರೆಯೊಂದರಲ್ಲಿ ರಕ್ತರೋಗ ತಜ್ಞೆಯಾಗಿದ್ದೆ. ಇಂಡಿ, ಸಿಂದಗಿ, ಬಾಗೇವಾಡಿ ಕಡೆಯ ರೋಗಿಗಳೆಲ್ಲ ಬೆಳಗಿನ ಬಸ್ಸಿಗೇ ಬಂದಿಳಿಯುತ್ತಿದ್ದರು. ತಾಳಿಕೋಟೆಯ ಟೇಲರ್ ಇಸ್ಮಾಯಿಲ್‌ಸಾಬರೂ ಹಾಗೆ ಬರುತ್ತಿದ್ದವರು.

ಅವರಿಗಿದ್ದದ್ದು ಸಿಎಂಎಲ್, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ರಕ್ತಕಣ ಯಾವಾಗ ಬೆಳೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬ ಸಂದೇಶವನ್ನು ಅದರೊಳಗಿನ ಪ್ರೋಟೀನುಗಳು ದಾಟಿಸುತ್ತವೆ. ಈ ರೋಗದಲ್ಲಿ ಎರಡು ಜೀನುಗಳ ತುಂಡು ಬೆಸೆದು ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ. ಮೋಟರ್ ಹೊಲಿಗೆಯಂತ್ರದ ಪೆಡಲ್ ಒತ್ತಿದಲ್ಲೇ ಸಿಕ್ಕಿಕೊಂಡ ಹಾಗೆ, ಅದು ‘ಬೆಳೆ, ಬೆಳೆ’ ಎನ್ನುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಗುಳಿಗೆ ಆ ಪ್ರೋಟೀನನ್ನೇ ಹಿಡಿದು ಬಾಯಿ ಮುಚ್ಚಿಸುತ್ತದೆ. ದಿನಕ್ಕೆ ನಾನೂರು ಮಿಲಿಗ್ರಾಂ, ತಪ್ಪಿಸುವಂತಿಲ್ಲ.

ಮೊದಲ ವರ್ಷ ಚೆನ್ನಾಗಿ ಹೋಯಿತು. ಆಮೇಲೆ ಪಿಸಿಆರ್ ಪರೀಕ್ಷೆಯಲ್ಲಿ ಆ ಬೆಸೆದ ಜೀನಿನ ಪ್ರಮಾಣ ಏರತೊಡಗಿತು, ಅಂದರೆ ರೋಗ ಮರಳುತ್ತಿತ್ತು. ಗುಳಿಗೆ ತಪ್ಪಿಸಿದಿರಾ ಎಂದೆ.

“ಅಲ್ಲಾನ ಆಣಿ, ಒಂದು ದಿನಾನೂ ಬಿಟ್ಟಿಲ್ರಿ ಮೇಡಮ್ಮಾರ.”

ಸುಳ್ಳು ಹೇಳುವ ಮನುಷ್ಯನಲ್ಲ. ಮತ್ತೆ ಪರೀಕ್ಷೆ ಮಾಡಿಸಿದರೆ ಇನ್ನೂ ಏರಿತ್ತು. ನನಗೆ ತಲೆ ಕೆಟ್ಟುಹೋಯಿತು. ಕೊನೆಗೆ ಅವರ ಹೆಂಡತಿ ಫಾತಿಮಾ ಬಾಯಿಬಿಟ್ಟರು: “ಬಿಟ್ಟಿಲ್ಲ ಖರೇರಿ. ಅರ್ಧ ಮುರದು ತಗೋತಾರ. ಉಳದ ಅರ್ಧ ಮುದ್ದೇಬಿಹಾಳದ ಗಂಗವ್ವಗ.”

ಗಂಗವ್ವ ನಮ್ಮಲ್ಲೇ ಕೀಮೋ ತೆಗೆದುಕೊಳ್ಳುತ್ತಿದ್ದವರು. ಆಸ್ಪತ್ರೆಯ ಬೆಂಚಿನ ಮೇಲೆ ಇವರಿಗೆ ಪರಿಚಯವಾಗಿ, ಅಣ್ಣ-ತಂಗಿ ಎನ್ನುವಷ್ಟು ಹತ್ತಿರವಾಗಿದ್ದರು.

“ಆಕೀಗೂ ಬ್ಲಡ್ ಕ್ಯಾನ್ಸರ್ರಿ,” ಎಂದರು ಇಸ್ಮಾಯಿಲ್‌ಸಾಬರು. “ಸೂಜಿ ಚುಚ್ಚಿ ಚುಚ್ಚಿ ತಲಿಗೂದ್ಲೆಲ್ಲ ಹೋದೂವು. ನಾ ಒಂದ ಗುಳಿಗೀಲೆ ನೆಟ್ಟಗಾದೆ. ತಂಗಿ ಅಂದಮ್ಯಾಲ ನೋಡ್ಕೋತ ಕೂಡಬೇಕೇನ್ರಿ?”

“ಎಲ್ಲಾ ಬ್ಲಡ್ ಕ್ಯಾನ್ಸರ್ ಒಂದ ಅಲ್ರಿ ಸಾಹೇಬ್ರ!” ಎಂದು ಕೂಗಿಯೇ ಬಿಟ್ಟೆ. ಗಂಗವ್ವನದು ಎಎಂಎಲ್, ವೇಗವಾಗಿ ಏರುವ ಬೇರೆಯೇ ಬಗೆಯ ರಕ್ತದ ಕ್ಯಾನ್ಸರ್. ಅಲ್ಲಿ ಬಿಸಿಆರ್-ಎಬಿಎಲ್ ಇರಲೇ ಇಲ್ಲ, ಈ ಗುಳಿಗೆಯಿಂದ ಆಕೆಗೆ ಎಳ್ಳಷ್ಟೂ ಉಪಯೋಗವಿಲ್ಲ. ಇವರಲ್ಲೋ, ಅರ್ಧ ಡೋಸಿಗೆ ಸಾಯದೆ ಉಳಿದ ಕೆಲವು ಕಣಗಳಲ್ಲಿ ಆ ಪ್ರೋಟೀನ್ ಗುಳಿಗೆಗೆ ಸಿಗದಂತೆ ರೂಪ ಬದಲಿಸಿತ್ತು. ಈಗ ಅವೇ ಹೆಚ್ಚುತ್ತಿದ್ದವು. ಮೈಯೆಲ್ಲ ಉರಿಯಿತು. ಸೋಮಾರಿಗಳನ್ನು ಬೈಯಬಹುದು, ಮರೆಗುಳಿಗಳನ್ನು ಬೈಯಬಹುದು, ಇವರನ್ನು ಏನಂತ ಬೈಯಲಿ?

ಬೇರೆ ಔಷಧಿ ಶುರು ಮಾಡಿದೆ. ಪುಣ್ಯಕ್ಕೆ ಅದು ಹಿಡಿಯಿತು. ಅಷ್ಟರಲ್ಲಿ ಗಂಗವ್ವ ತೀರಿಕೊಂಡರು.

ಮುಂದಿನ ಸಲ ಇಸ್ಮಾಯಿಲ್‌ಸಾಬರಿಗೆ ಒಳ್ಳೆಯ ರಿಪೋರ್ಟ್ ತೋರಿಸಿದರೆ ಅವರು ಅದರತ್ತ ನೋಡಲೇ ಇಲ್ಲ. “ಪೂರಾ ಗುಳಿಗಿ ಕೊಟ್ಟಿದ್ರ ಗಂಗವ್ವ ಉಳೀತಿದ್ಳೇನ್ರಿ?”

ಇಲ್ಲ ಎಂದೆ. ಪ್ರೋಟೀನಿನ ಕತೆಯನ್ನು ಚಿತ್ರ ಬರೆದು ಮೊದಲಿಂದ ಹೇಳಿದೆ. ತಿಳಿಯಿತೆಂಬಂತೆ ತಲೆಯಾಡಿಸಿದರು.

ಅಂದಿನಿಂದ ಈ ಗುಳಿಗೆ ಬರೆಯುವಾಗ, ಹೇಗೆ ನುಂಗಬೇಕು ಎನ್ನುವ ಮೊದಲು, ಇನ್ನೊಬ್ಬರ ಬ್ಲಡ್ ಕ್ಯಾನ್ಸರಿಗೆ ಇದು ನಡೆಯುವುದಿಲ್ಲ ಎಂದು ಹೇಳುತ್ತೇನೆ. ಎಲ್ಲರೂ ಒಪ್ಪುತ್ತಾರೆ. ಇಸ್ಮಾಯಿಲ್‌ಸಾಬರು ಮಾತ್ರ ಈಗಲೂ ಪ್ರತಿ ಸಲ ಎದ್ದು ಹೊರಡುವಾಗ ಅನ್ನುತ್ತಾರೆ: “ಬರೇ ಅರ್ಧಾನ ಕೊಟ್ಟು ತಪ್ಪು ಮಾಡಿದೆ ನೋಡ್ರಿ.”