ಓನರ್ ತಾತನ ಬಕೆಟ್ ದರ್ಶನ

ಮಹಡಿ ಮನೆಗೆ ಬಾಡಿಗೆಗೆ ಬಂದ ನರ್ಸ್ ಮೊದಲ ದಿನವೇ ದಂಗಾಗಿಹೋದಳು. ಮನೆ ಓನರ್ ತಾತ ಅವಳ ಮುಸುರೆ ಬಕೆಟ್ಟಿಗೆ ಮೂಗು ತೂರಿಸಿ, "ಸಿಪ್ಪೆ ಇನ್ನೂ ಸಣ್ಣಗೆ ಹೆಚ್ಚಮ್ಮಾ, ನನ್ನ ಮಣ್ಣಿಗೆ ಹಲ್ಲಿಲ್ಲ," ಎಂದಿದ್ದರು. ಬಾಡಿಗೆ ತಡವಾದರೆ ಸುಮ್ಮನಿರುವ ತಾತ ಬಕೆಟ್ ತಡವಾದರೆ ಬಾಗಿಲು ಬಡಿಯುತ್ತಿದ್ದರು. ಎಲ್ಲ ಮನೆಗಳ ಮುಸುರೆಯನ್ನೂ ತಾರಸಿಗೆ ಹೊತ್ತು, ಒಣಎಲೆಯ ಜೊತೆ ಡ್ರಮ್ಮಿನಲ್ಲಿ ಕೊಳೆಸಿ, ಕಪ್ಪಗಾದ ಗೊಬ್ಬರಕ್ಕೆ ಶಿಲೀಂಧ್ರದ ಪುಡಿ ಬೆರೆಸಿ ಟೊಮೇಟೊ, ಬೀನ್ಸ್ ಬೆಳೆಯುತ್ತಿದ್ದರು. ಕುಂಡದ ಮಣ್ಣಿನಲ್ಲಿ ಹಬ್ಬಿದ ಬಿಳಿ ಎಳೆಗಳನ್ನು ಕಂಡು ನರ್ಸ್ "ಅಯ್ಯೋ, ಬೂಷ್ಟು!" ಎಂದು ಕಿರುಚಿದರೆ, "ಮೆಲ್ಲಗೆ ಮಾತಾಡಮ್ಮಾ, ಬೇರಿಗೆ ನೀರು ಹೊತ್ತು ತರೋ ಮನೆಮಕ್ಕಳು ಅವು," ಎಂದು ಗದರಿದರು. ಯಾವ ಮನೆಗೆ ನೆಂಟರು ಬಂದಿದ್ದಾರೆ, ಯಾವ ಮನೆಯಲ್ಲಿ ಜಗಳವಾಗಿ ಅಡುಗೆ ಸೀದಿದೆ ಎಂಬುದನ್ನೆಲ್ಲ ಬಕೆಟ್ ನೋಡಿಯೇ ಹೇಳಿಬಿಡುತ್ತಿದ್ದರು. ಒಂದು ಬೆಳಗ್ಗೆ ಅವಳ ಬಕೆಟ್ ಹಿಡಿದು ತಾತ ಮೆಟ್ಟಿಲ ಮೇಲೇ ಕುಳಿತುಬಿಟ್ಟರು. "ಮಾಡಿದ ಅಡುಗೆಯೆಲ್ಲ ಹಾಗ್ಹಾಗೇ ಬರ್ತಿದೆಯಲ್ಲಮ್ಮಾ. ಯಾಕೆ, ಊಟ ಸೇರ್ತಿಲ್ವಾ?" ಹೆತ್ತ ತಾಯಿಗೂ ಗೊತ್ತಾಗದ್ದು ಇವರಿಗೆ ಹೇಗೆ ತಿಳಿಯಿತೆಂದು ಅವಳು ಬೆಚ್ಚಿದಳು. "ನಮ್ಮನೆಯವಳೂ ಹೀಗೇ, ಕಾಯಿಲೆ ಮುಚ್ಚಿಟ್ಟು ತಟ್ಟೆ ಊಟ ಬಕೆಟ್ಟಿಗೆ ಹಾಕ್ತಿದ್ಲು. ಗೊಬ್ಬರ ಜಾಸ್ತಿ ಆಯ್ತು ಅಂತ ನಾನು ಖುಷಿಪಟ್ಟೆ. ಅವಳು ತೀರಿಕೊಂಡ ಆ ವರ್ಷ ಬಿಟ್ಟಷ್ಟು ಟೊಮೇಟೊ ಮತ್ತೆ ಯಾವತ್ತೂ ಬಿಡಲಿಲ್ಲ." ನರ್ಸ್ ಅವರ ಪಕ್ಕದಲ್ಲಿ ಕುಳಿತು, ವಾರ್ಡಿನಲ್ಲಿ ತನ್ನ ಕೈಯಲ್ಲೇ ಉಸಿರು ನಿಂತ ಮಗುವಿನ ವಿಷಯವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು.