ಸೇಬು ಇಡದ ಫ್ರಿಜ್

ನಿನ್ನೆ ಮಗಳು ನಾಲ್ಕು ಸೇಬು ತಂದು ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಬಾಗಿಲು ತೆಗೆದರೆ ತಣ್ಣಗಿನ ಸೇಬಿನ ವಾಸನೆ. ಯೋಚಿಸುವ ಮೊದಲೇ ನನ್ನ ಕೈ ನಾಲ್ಕನ್ನೂ ತೆಗೆದು ಮೇಜಿನ ಮೇಲಿಟ್ಟಿತ್ತು. "ಕ್ಯೂಂ ಮಮ್ಮಿ?" ಎಂದಳು. ಎದುರು ಮನೆಯ ಮಾಮನ ಕಟ್ಟಪ್ಪಣೆ ಅದು, ಇಷ್ಟು ವರ್ಷದ ಮೇಲೂ.

ನನ್ನ ಮದುವೆಗೆ ಮೊದಲು ನಾವು ನೆರೂಳದಲ್ಲಿದ್ದೆವು. ಮಾಮ ಉಡುಪಿ ಕಡೆಯವರು. ನೌಪಾಡಾದ ಒಂದು ಹೋಟೆಲಿನಲ್ಲಿ ಬಹಳ ವರ್ಷ ಮ್ಯಾನೇಜರಾಗಿದ್ದು ನಿವೃತ್ತರಾಗಿದ್ದರು. ಅವರ ಬಾಲ್ಕನಿ ತುಂಬ ಬೋನ್ಸಾಯ್. ಮೊಳಕ್ಕೂ ಕಡಿಮೆ ಎತ್ತರದ ಆಲ, ಅಂಗೈಯಗಲದ ಕುಂಡದಲ್ಲಿ ಅತ್ತಿ. ಅವಕ್ಕೆಲ್ಲ ಈ ಊರಿನ ಸೆಕೆ ಹೇಳಿ ಮಾಡಿಸಿದ್ದು. ಕಾಟ ಕೊಟ್ಟದ್ದು ಒಂದೇ, ಬದರಿ ಯಾತ್ರೆಗೆ ಹೋದಾಗ ದಾರಿಯ ನರ್ಸರಿಯಲ್ಲಿ ಕೊಂಡು ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಮೇಪಲ್ ಸಸಿ. ವರ್ಷಕ್ಕೆ ಎರಡು ತಿಂಗಳು ಚಳಿಯಲ್ಲಿ ಮಲಗದಿದ್ದರೆ ಇದು ಬದುಕುವುದಿಲ್ಲ ಎಂದು ನರ್ಸರಿಯವನು ಹೇಳಿದ್ದನಂತೆ. ನೆರೂಳದಲ್ಲಿ ಚಳಿ ಎಲ್ಲಿಂದ ತರುವುದು? ಡಿಸೆಂಬರಿನಲ್ಲೂ ನಮ್ಮಲ್ಲಿ ಫ್ಯಾನ್ ತಿರುಗುತ್ತದೆ.

ಹೋಟೆಲಿನವರಲ್ಲವೇ, ಮಾಮನಿಗೆ ಹೊಳೆದದ್ದು ಫ್ರಿಜ್. ಎಲೆ ಉದುರಿದ ಮೇಲೆ ಕುಂಡಕ್ಕೆ ಒದ್ದೆ ಪಾಚಿ ಹೊದೆಸಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೆಳಗಿನ ಖಾನೆಯಲ್ಲಿ ಇಡುತ್ತಿದ್ದರು. ಆ ಎರಡು ತಿಂಗಳು ಫ್ರಿಜ್ಜಿಗೆ ಸೇಬು ನಿಷಿದ್ಧ. ಸೇಬಿನ ಗಾಳಿ ತಾಗಿದರೆ ಮೊಗ್ಗು ಕೆಡುತ್ತದೆ ಎನ್ನುತ್ತಿದ್ದರು. ಬಾಣಂತಿಗೂ ಇಷ್ಟು ಪಥ್ಯವಿಲ್ಲ ಎಂದು ಗೊಣಗುತ್ತ ಮಾಮಿ ದೋಸೆ ಹಿಟ್ಟಿನ ಪಾತ್ರೆ ಹಿಡಿದುಕೊಂಡು ನಮ್ಮ ಫ್ರಿಜ್ಜಿಗೆ ಬರುತ್ತಿದ್ದರು. ಹಾಗೆ ಮೂರು ಚಳಿಗಾಲ ದಾಟಿತು. ಫೆಬ್ರವರಿಯಲ್ಲಿ ಹೊರಗೆ ತೆಗೆದರೆ ಸ್ವಲ್ಪ ದಿನದಲ್ಲೇ ಕೆಂಪು ಚಿಗುರು. ಮಾಮ ಇಡೀ ಮಹಡಿಯವರನ್ನು ಕರೆದು ತೋರಿಸುತ್ತಿದ್ದರು.

ನಾಲ್ಕನೆಯ ವರ್ಷ ಗಿಡವನ್ನು ಫ್ರಿಜ್ಜಿನಲ್ಲಿಟ್ಟ ಸ್ವಲ್ಪ ದಿನಕ್ಕೇ, ಮಾಮನ ಅಣ್ಣನಿಗೆ ಹುಷಾರಿಲ್ಲವೆಂದು ಅವರು, ಮಾಮಿ ಇಬ್ಬರೂ ಊರಿಗೆ ಹೊರಟರು. ಕೀಲಿಕೈ ನನ್ನಲ್ಲಿ ಕೊಟ್ಟರು. ಪಾಚಿ ಒಣಗಿದರೆ ನೀರು ಚಿಮುಕಿಸು, ಬೇರೇನೂ ಮಾಡಬೇಡ ಎಂದರು. ನಾನು ಕಾಲೇಜು ಹುಡುಗಿ. ಬುದ್ಧಿ ಸ್ವಲ್ಪ ಜಾಸ್ತಿಯೇ ಇತ್ತು. ಆ ಕತ್ತಲೆಯಲ್ಲಿ ಬೋಳು ಕಡ್ಡಿಯನ್ನು ನೋಡಲಾಗಲಿಲ್ಲ. ಪಾಪ, ಬಿಸಿಲಾದರೂ ಕಾಣಲಿ ಎಂದು ಬಾಲ್ಕನಿಗೆ ತಂದಿಟ್ಟೆ. ದಿನಾ ನೀರು ಹಾಕಿದೆ. ಎರಡು ವಾರದಲ್ಲಿ ಚಿಗುರಿತು. ಸತ್ತದ್ದನ್ನು ಬದುಕಿಸಿದೆನೆಂದು ಬೀಗಿದೆ.

ಮಾಮ ಬಂದವರು ಚಪ್ಪಲಿ ಕೂಡ ಬಿಚ್ಚದೆ ಅದರ ಮುಂದೆ ನಿಂತರು.

"ಅದು ಸತ್ತದ್ದಲ್ಲ ಮಾರಾಯ್ತಿ, ಮಲಗಿದ್ದು," ಎಂದರು ಮೆಲ್ಲಗೆ. "ಅರ್ಧ ನಿದ್ದೆಯಲ್ಲಿ ಎಬ್ಬಿಸಿಬಿಟ್ಟೆಯಲ್ಲ."

ಎಲೆ ಬಿಟ್ಟ ಮೇಲೆ ಮತ್ತೆ ಫ್ರಿಜ್ಜಿನಲ್ಲಿ ಇಡುವಂತಿರಲಿಲ್ಲ. ಏಪ್ರಿಲಿನಲ್ಲಿ ಎಲೆ ಸುರುಟಿತು, ಮೇ ತಿಂಗಳಲ್ಲಿ ಕಡ್ಡಿ ಮುಟ್ಟಿದರೆ ಲಟಕ್ಕೆಂದು ಮುರಿಯಿತು. ಆಮೇಲೆ ಆ ಬಗ್ಗೆ ಮಾಮ ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಸುಟ್ಟಿತು. ತಪ್ಪಾಯ್ತು ಮಾಮ ಎನ್ನಲು ಎಷ್ಟು ಹೊತ್ತು ಬೇಕು? ನಾಚಿಕೆಯಿಂದ ಇವತ್ತು, ನಾಳೆ ಎಂದು ದೂಡುತ್ತ ಹೋದೆ. ಮದುವೆಯಾಗಿ ಕಾಮೋಠೆಗೂ ಬಂದೆ...

ಮಾಮ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದ ದಿನ, ಈ ಸಲ ಹೇಳಿಯೇ ಬಿಡಬೇಕೆಂದು ಹೋದೆ. ಮಧ್ಯಾಹ್ನದ ಹೊತ್ತು. ಏಸಿ ಜೋರಾಗಿತ್ತು, ಕಂಬಳಿಯನ್ನು ಗಲ್ಲದವರೆಗೆ ಹೊದ್ದು ಮಲಗಿದ್ದರು. ಎಬ್ಬಿಸಲಾ ಎಂದು ಮಾಮಿ ಕೇಳಿದರು.

"ಬೇಡ ಮಾಮಿ, ಮಲಗಲಿ," ಎಂದೆ.

ಅರ್ಧ ಗಂಟೆ ಕೂತು ಬಂದೆ. ಮರುದಿನ ಬೆಳಿಗ್ಗೆ ಫೋನ್ ಬಂತು. ಆವತ್ತು ಎಬ್ಬಿಸಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮಗಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ನಮ್ಮ ಫ್ರಿಜ್ಜಿನಲ್ಲಿ ಯಾವ ಗಿಡವೂ ಮಲಗಿಲ್ಲ, ಬೈಯಲು ಮಾಮನೂ ಇಲ್ಲ. ಆದರೂ ಸೇಬು ಹೊರಗೇ ಇರಲಿ ಎಂದೆ.