ಟ್ಯಾಂಕ್ ಕಾಯಿಸಿ ನೋಡುವ ಅಕ್ಕ

ಬೆಳಗಿನ ಐದೂಕಾಲು. ಉಪಗ್ರಹ ನಿಯಂತ್ರಣ ಕೇಂದ್ರದ ಕಿಟಕಿಯಿಲ್ಲದ ಕೋಣೆಯಲ್ಲಿ ಅವರು ಚಪ್ಪಲಿ ಕಳಚಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಒಂದು ಉಪಗ್ರಹ ಅವರು ಹೇಳಿದಂತೆ ಕೇಳುತ್ತಿದೆ. ಮನೆಯಲ್ಲಿ ಮಗಳು ಇಷ್ಟು ಮಾತು ಕೇಳುವುದಿಲ್ಲವೆಂಬುದು ಅವರ ಹಳೆಯ ದೂರು.

ಇಲ್ಲಿ ಮೇಲಧಿಕಾರಿಯೂ ಇವರನ್ನು ಅಕ್ಕ ಎಂದೇ ಕರೆಯುತ್ತಾರೆ, ಇವರ ಬಗ್ಗೆ ಬರೆಯಲು ಬಂದ ನಾನೂ. ಟೀವಿ, ಫೋನು ಹೊತ್ತು ತರುವ ಈ ಉಪಗ್ರಹವನ್ನು ಹದಿನಾರು ವರ್ಷದಿಂದ ಅದರ ಜಾಗದಲ್ಲೇ ನಿಲ್ಲಿಸಿಕೊಂಡು ಬಂದವರು ಇವರು. ಅದೇನೂ ಸುಮ್ಮನೆ ನಿಲ್ಲುವ ಪೈಕಿಯಲ್ಲ. ಸೂರ್ಯ, ಚಂದ್ರ ಎಳೆಯುತ್ತಲೇ ಇರುತ್ತಾರೆ, ಎರಡು ವಾರಕ್ಕೊಮ್ಮೆ ಇಂಧನ ಉರಿಸಿ ವಾಪಸ್ ತಳ್ಳಬೇಕು. ಇಂಧನ ತೀರುವ ಮುಂಚೆ ಮುನ್ನೂರು ಕಿಲೋಮೀಟರ್ ಮೇಲಕ್ಕೆ ಹತ್ತಿಸಿ ಆರಿಸಿಬಿಡಬೇಕು. ಇಲ್ಲದಿದ್ದರೆ ಉಳಿದ ಉಪಗ್ರಹಗಳ ದಾರಿಗೆ ಅಡ್ಡವಾಗಿ ಅಲೆಯುತ್ತದೆ. ಇವತ್ತು ಹತ್ತಿಸುವ ಕೆಲಸದ ಕೊನೆಯ ದಿನ.

ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುವುದೇ ಕಷ್ಟ. ಅಲ್ಲಿ ತೂಕವೆಂಬುದಿಲ್ಲ, ಮುಳ್ಳಿನ ಮೀಟರ್ ನಡೆಯುವುದಿಲ್ಲ. ಹೋದ ತಿಂಗಳು, ಉರಿಸಿದ್ದನ್ನೆಲ್ಲ ಲೆಕ್ಕದಲ್ಲಿ ಕಳೆದ ಕಂಪ್ಯೂಟರ್, ಇನ್ನೂ ಆರು ತಿಂಗಳಿಗೆ ಆಗುತ್ತದೆ ಎಂದಿತ್ತು. ಅಕ್ಕ ಟ್ಯಾಂಕಿನ ಹೀಟರ್ ಹಾಕಿ ನೋಡಿದರು.

"ತುಂಬಿದ ಪಾತ್ರೆ ನಿಧಾನಕ್ಕೆ ಕಾಯತ್ತೆ. ತಳದಲ್ಲಿ ಒಂದು ಲೋಟ ನೀರಿದ್ರೆ ಬೇಗ ಕಾಯತ್ತೆ. ಇದು ಬೇಗ ಕಾದುಬಿಡ್ತು. ಹತ್ತಿಸೋಕೆ ಬೇಕಾದ್ದು ಬಿಟ್ರೆ ಆರು ವಾರಾನೂ ಬರಲ್ಲ ಅಂದೆ."

ಮೇಲಧಿಕಾರಿ ಮುಖ ಗಂಟು ಹಾಕಿಕೊಂಡರು. ದುಡಿಯುತ್ತಿರುವುದನ್ನು ಆರಿಸಲು ಯಾರಿಗೆ ಮನಸ್ಸು ಬರುತ್ತದೆ? ಅಕ್ಕ ಪಟ್ಟು ಬಿಡಲಿಲ್ಲ.

ಆ ಹಟದ ಹಿಂದೆ ಒಂದು ಹಳೆಯ ನೋವಿದೆ. ಇದಕ್ಕೂ ಮುಂಚಿನ ಉಪಗ್ರಹವೂ ಇವರ ಕೈಯಲ್ಲೇ ಇತ್ತು. ಅದರ ಟ್ಯಾಂಕೂ ಹೀಗೇ ಬೇಗ ಕಾದಿತ್ತು. "ಹೀಟರ್ ಕೆಟ್ಟಿರ್ಬೇಕು ಅಂದ್ಕೊಂಡು ಕಂಪ್ಯೂಟರ್ ಮಾತು ನಂಬ್ದೆ. ಹತ್ತಿಸೋಕೆ ಹೋದ್ರೆ ಟ್ಯಾಂಕ್ ಖಾಲಿ. ತಪ್ಪು ನಂದೇ," ಎನ್ನುತ್ತಾರೆ. ಅದು ಇವತ್ತಿಗೂ ದಿಕ್ಕಿಲ್ಲದೆ ಅಲೆಯುತ್ತಿದೆ. ಎರಡು ಮೂರು ವರ್ಷಕ್ಕೊಮ್ಮೆ ಹತ್ತಿರ ಬರುತ್ತದೆ. ಪ್ರತಿ ಸಲವೂ ಅಕ್ಕ ಇದನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ದಾರಿ ಬಿಟ್ಟಿದ್ದಾರೆ.

ಐದೂ ನಲವತ್ತು. ಕೊನೆಯ ಸಲ ಇಂಧನ ಉರಿಯುತ್ತದೆ. ಪರದೆಯಲ್ಲಿ ಟ್ಯಾಂಕಿನ ಒತ್ತಡದ ಅಂಕಿ ಇಳಿಯುತ್ತಿದೆ. ಮುನ್ನೂರು ಕಿಲೋಮೀಟರ್ ದಾಟಿ ಇನ್ನೂ ನಾಲ್ಕು ಹತ್ತಿದ ಮೇಲೆ ಅಂಕಿ ಒಮ್ಮೆಲೇ ಕುಸಿಯುತ್ತದೆ. ಟ್ಯಾಂಕ್ ಖಾಲಿ. ಮೇಲಧಿಕಾರಿ ಎದ್ದು ಹೋಗಿ ಟೀ ತಂದು ಅಕ್ಕನ ಮುಂದಿಡುತ್ತಾರೆ. ಅಕ್ಕ ಆರಿಸುವ ಆದೇಶ ಕಳಿಸುತ್ತಾರೆ. ಅವರ ಕಣ್ಣು ಒದ್ದೆಯಾಗಿದೆ, ನನ್ನದೂ.

ಟೀವಿ, ಫೋನುಗಳೆಲ್ಲ ಹೋದ ವಾರವೇ, ಇದರ ಜಾಗಕ್ಕೆ ಬಂದ ಹೊಸ ಉಪಗ್ರಹಕ್ಕೆ ವರ್ಗವಾಗಿವೆ. ಅಕ್ಕನ ನಿವೃತ್ತಿಗೆ ಉಳಿದಿರುವುದು ಹದಿಮೂರು ತಿಂಗಳು. ಇನ್ನೇನು ಆಸೆ ಎಂದು ಕೇಳುತ್ತೇನೆ. ಅಕ್ಕ ಚಪ್ಪಲಿಗೆ ಕಾಲು ತೂರಿಸುತ್ತಾ ಹೇಳುತ್ತಾರೆ:

"ಆ ಹಳೇದು ಹದಿನಾಲ್ಕನೇ ತಿಂಗಳಿಗೆ ಮತ್ತೆ ಬರತ್ತೆ. ಒಂದು ತಿಂಗಳು ಹೆಚ್ಚಿಗೆ ಇಟ್ಕೊಳ್ಳಿ ಅಂತ ಕೇಳಿದೀನಿ. ಹೊಸದನ್ನ ಸರಿಸಿ ಅದಕ್ಕೆ ದಾರಿ ಬಿಡೋದು ನಾನೇ ಆಗ್ಬೇಕು. ಅದನ್ನ ಅಲ್ಲಿ ಬಿಟ್ಟೋಳು ನಾನಲ್ವಾ."